ಪ್ರಾಣಿ ಎಲ್ಲಿಂದ ಬರುತ್ತದೆ: ಟ್ಯಾಕ್ಸಿಡರ್ಮಿ ಶಾಲೆಯನ್ನು ಆರಿಸುವ ಬಗೆ

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನ್ನ ಬಳಿಗೆ ವರ್ಷಕ್ಕೆ ಒಬ್ಬಿಬ್ಬರಾದರೂ ಟ್ಯಾಕ್ಸಿಡರ್ಮಿ ಕಲಿಯುವುದು ಎಲ್ಲಿ ಎಂದು ಕೇಳಿಕೊಂಡು ಬರುತ್ತಾರೆ. ಕಳೆದ ಬಾರಿ ಬಂದವಳು ಮಂಡ್ಯದ ಬಿ.ಎಸ್ಸಿ. ವಿದ್ಯಾರ್ಥಿನಿ, ಜೊತೆಯಲ್ಲಿ ಅವಳ ತಂದೆ ಇದ್ದರು. "ಸಾರ್, ಸತ್ತ ಪ್ರಾಣೀನ ಜೀವ ಇರೋ ಹಂಗೆ ನಿಲ್ಸೋ ವಿದ್ಯೆ ಕಲೀಬೇಕಂತೆ ಇವ್ಳು. ಯಾವ ಸ್ಕೂಲು ಒಳ್ಳೇದು ಅಂತ ನೀವೇ ಹೇಳ್ಬಿಡಿ" ಎಂದರು. ಹುಡುಗಿಯ ಮೊಬೈಲಿನಲ್ಲಿ ಮೂರು ಜಾಹೀರಾತುಗಳಿದ್ದವು: ಒಂದು ಹೊರದೇಶದ ಹತ್ತು ದಿನದ ತರಬೇತಿ, ಒಂದು ಆನ್‌ಲೈನ್ ಕೋರ್ಸು, ಇನ್ನೊಂದು ಎರಡೇ ದಿನದಲ್ಲಿ ಪ್ರಮಾಣಪತ್ರ ಕೊಡುವ ಶಿಬಿರ. ಮೂರರಲ್ಲೂ ಶುಲ್ಕ, ದಿನಾಂಕ, ಸೊಗಸಾದ ಚಿತ್ರಗಳೆಲ್ಲ ಇದ್ದವು. ಕಲಿಯುವವರ ಕೈಗೆ ಕೊಡುವ ಪ್ರಾಣಿ ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ಒಂದರಲ್ಲೂ ಇರಲಿಲ್ಲ. ಶಾಲೆಯ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು ಎಂದು ನಾನು ಅವರಿಗೆ ಹೇಳಿದೆ. ಏಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ವಿದ್ಯೆ ಯಾವುದೆಂಬುದು ಸ್ಪಷ್ಟವಾಗಲಿ. ಟ್ಯಾಕ್ಸಿಡರ್ಮಿ ಎಂಬ ಹೆಸರು ಗ್ರೀಕ್ ಭಾಷೆಯದು: ಟ್ಯಾಕ್ಸಿಸ್ ಎಂದರೆ ಜೋಡಣೆ, ಡರ್ಮಾ ಎಂದರೆ ಚರ್ಮ. ಕನ್ನಡದಲ್ಲಿ ಇದನ್ನು ಚರ್ಮಪ್ರಸಾಧನ ಎಂದು ಕರೆಯುವವರುಂಟು. ಆಡುಮಾತಿನಲ್ಲಿ 'ಹುಲ್ಲು ತುಂಬಿದ ಹುಲಿ' ಎನ್ನುತ್ತೇವೆ. ಒಂದು ಕಾಲದಲ್ಲಿ ಚರ್ಮದ ಚೀಲದೊಳಗೆ ಹುಲ್ಲು, ಹೊಟ್ಟು, ಚಿಂದಿಬಟ್ಟೆಗಳನ್ನು ತುಂಬಿ ಹೊಲಿಯುತ್ತಿದ್ದುದು ನಿಜವೇ ಆದರೂ ಇಂದಿನ ಕೆಲಸದಲ್ಲಿ ತುಂಬುವ ಮಾತೇ ಇಲ್ಲ. ಪ್ರಾಣಿಯ ಚರ್ಮವನ್ನು ಸುಲಿದು, ಒಳಮೈಗೆ ಅಂಟಿದ ಮಾಂಸ ಮತ್ತು ಕೊಬ್ಬನ್ನು ಹೆರೆದು, ಉಪ್ಪು ಹಚ್ಚಿ, ಆಮ್ಲದ ನೀರಿನಲ್ಲಿ ನೆನೆಸಿ, ಪಟಿಕದಿಂದಲೋ ಬೇರೆ ರಾಸಾಯನಿಕಗಳಿಂದಲೋ ಹದಮಾಡಿ, ಅದೇ ಪ್ರಾಣಿಯ ಅಳತೆಗೆ ತಯಾರಿಸಿದ ಕೃತಕ ದೇಹದ ಮೇಲೆ ಅಂಗಿಯಂತೆ ತೊಡಿಸಲಾಗುತ್ತದೆ. ಕಣ್ಣು ಗಾಜಿನದು, ಸ್ನಾಯುವಿನ ಉಬ್ಬುತಗ್ಗುಗಳು ಶಿಲ್ಪಿಯ ಕೈಯವು. ನೋಡುವವರ ಕಣ್ಣಿಗೆ ಬೀಳುವ ನಿಜವಾದ ಪ್ರಾಣಿಯ ಭಾಗವೆಂದರೆ ಚರ್ಮ, ರೋಮ ಅಥವಾ ಗರಿ, ಕೊಂಬು, ಉಗುರು, ಹಕ್ಕಿಯಾದರೆ ಕೊಕ್ಕು ಮತ್ತು ಕಾಲು, ಇಷ್ಟೇ.

ಆದ್ದರಿಂದ ಈ ವಿದ್ಯೆಯಲ್ಲಿ ಮೂರು ಕಸುಬುಗಳು ಬೆರೆತಿವೆ: ತೊಗಲು ಹದಮಾಡುವವನ ರಸಾಯನ, ದೇಹರಚನೆ ಬಲ್ಲವನ ಶಾಸ್ತ್ರ, ಶಿಲ್ಪಿಯ ಕಣ್ಣು. 1864ರಲ್ಲಿ ಹುಟ್ಟಿದ ಅಮೆರಿಕದ ಕಾರ್ಲ್ ಏಕ್ಲಿ ಈ ಮೂರನೆಯದನ್ನು ಕಸುಬಿನ ನಡುಮನೆಗೆ ತಂದವನು. ಪ್ರಾಣಿಯ ಅಳತೆಗಳನ್ನು ತೆಗೆದುಕೊಂಡು, ಜೇಡಿಮಣ್ಣಿನಲ್ಲಿ ಸ್ನಾಯು ಸ್ನಾಯುವನ್ನೂ ತಿದ್ದಿ, ಅದರಿಂದ ಅಚ್ಚು ತೆಗೆದು, ಹಗುರವಾದ ಟೊಳ್ಳು ದೇಹ ಮಾಡಿ ಅದರ ಮೇಲೆ ಚರ್ಮ ಕೂರಿಸುವ ಕ್ರಮವನ್ನು ಅವನು ಬೆಳೆಸಿದ. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ 1936ರಲ್ಲಿ ತೆರೆದ ಆಫ್ರಿಕದ ಸಸ್ತನಿಗಳ ಸಭಾಂಗಣಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಈ ಮೂರರಲ್ಲಿ ಯಾವುದನ್ನು ಎಷ್ಟು ಕಲಿಸುತ್ತಾರೆ ಎಂದು ನೋಡಿದರೆ ಶಾಲೆಯ ಮಟ್ಟ ಬಹುಪಾಲು ತಿಳಿದುಹೋಗುತ್ತದೆ. ಸಿದ್ಧವಾದ ಪಾಲಿಯುರಿಥೇನ್ (ಗಟ್ಟಿ ಪ್ಲಾಸ್ಟಿಕ್ ನೊರೆ) ಅಚ್ಚುದೇಹವನ್ನು ತರಿಸಿಕೊಟ್ಟು, ಸಿದ್ಧವಾದ ತೊಗಲನ್ನು ಅದಕ್ಕೆ ಹೊಲಿಸಿ ಕಳಿಸುವ ತರಬೇತಿಯಲ್ಲಿ ಕಲಿಯುವುದು ಹೊಲಿಗೆಯೊಂದನ್ನೇ.

ಇನ್ನು ಮೂಲ ಪ್ರಶ್ನೆಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಟ್ಯಾಕ್ಸಿಡರ್ಮಿ ಎಂಬ ಪದವನ್ನೇ ಎತ್ತಿಕೊಂಡು ಅದಕ್ಕೆ ವ್ಯಾಖ್ಯೆ ಕೊಟ್ಟಿದೆ. ಪರವಾನಗಿ ಇಲ್ಲದೆ ಆ ವೃತ್ತಿಯನ್ನು ನಡೆಸುವಂತಿಲ್ಲ ಎಂದು 44ನೇ ಕಲಮು ಹೇಳುತ್ತದೆ. 39ನೇ ಕಲಮು ಇನ್ನೂ ಮುಖ್ಯವಾದದ್ದು. ಅದರ ಪ್ರಕಾರ ಸಂರಕ್ಷಿತ ವನ್ಯಪ್ರಾಣಿ ಸತ್ತು ಬಿದ್ದಿದ್ದರೂ ಅದು ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ನಾವು ಕೊಂದದ್ದಲ್ಲ, ರಸ್ತೆಯಲ್ಲಿ ಸಿಕ್ಕಿದ್ದು ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಮಂಡ್ಯದ ಗದ್ದೆ ಬಯಲಿನ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ನವಿಲನ್ನು ಕಲಿಕೆಗೆಂದು ಮನೆಗೆ ತಂದು ಫ್ರಿಡ್ಜಿನಲ್ಲಿಟ್ಟರೂ ಅದು ಅಪರಾಧವೇ. ಕೊಕ್ಕರೆ ಬೆಳ್ಳೂರಿನ ಮರದಡಿ ಬಿದ್ದ ಹೆಜ್ಜಾರ್ಲೆಯ ಮರಿಯನ್ನೋ ರಂಗನತಿಟ್ಟಿನ ದಡದಲ್ಲಿ ಸಿಕ್ಕ ಕೊಕ್ಕರೆಯನ್ನೋ ತಂದರೂ ಅಷ್ಟೇ. 1ನೇ ಅನುಸೂಚಿಯ, ಎಂದರೆ ಕಾಯಿದೆ ಅತಿ ಹೆಚ್ಚಿನ ರಕ್ಷಣೆ ಕೊಟ್ಟ ಪಟ್ಟಿಯ, ಪ್ರಾಣಿಯ ವಿಷಯದಲ್ಲಿ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕ ಧರಿಸಿದವರ ಬಂಧನವಾದಾಗ ಎಷ್ಟು ಮನೆಗಳಲ್ಲಿ ಗಾಬರಿ ಹುಟ್ಟಿತು ಎಂಬುದು ನಮ್ಮ ಕಡೆಯವರಿಗೆ ನೆನಪಿರುತ್ತದೆ.

ಈ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ಇಲಿ, ಕಾಗೆ, ಹಣ್ಣುಬಾವಲಿಗಳಂಥವನ್ನು ಉಪದ್ರವಕಾರಿ ಎಂದು ಪ್ರತ್ಯೇಕವಾಗಿ ಪಟ್ಟಿ ಮಾಡಿದ್ದ ಹಳೆಯ 5ನೇ ಅನುಸೂಚಿ ಈಗಿಲ್ಲ. ಹೀಗಾಗಿ ಹಳೆಯ ಕೈಪಿಡಿ ನೋಡಿ "ಕಾಗೆ ಪರವಾಗಿಲ್ಲ" ಎನ್ನುವ ಶಿಕ್ಷಕರ ಮಾತನ್ನು ಒಪ್ಪಬೇಡಿ. ಯಾವ ಪ್ರಾಣಿ ಯಾವ ಪಟ್ಟಿಯಲ್ಲಿದೆ ಎಂದು ಕಾಯಿದೆಯ ಈಗಿನ ಪ್ರತಿಯನ್ನೇ ತೆಗೆದು ತೋರಿಸುವಂತೆ ಕೇಳಿ. ಒಳ್ಳೆಯ ಶಾಲೆಯಲ್ಲಿ ಒಂದು ದಾಖಲೆ ಪುಸ್ತಕವಿರುತ್ತದೆ: ಯಾವ ಪ್ರಾಣಿ, ಯಾವ ದಿನ, ಯಾರಿಂದ, ಹೇಗೆ ಸತ್ತದ್ದು, ಯಾರ ಅನುಮತಿ. ಅದನ್ನು ತೋರಿಸಲು ಹಿಂಜರಿಯುವ ಕಡೆ ಮಗಳನ್ನು ಸೇರಿಸಬೇಡಿ ಎಂದು ಆ ತಂದೆಗೆ ನಾನು ನೇರವಾಗಿಯೇ ಹೇಳಿದೆ.

ಹಾಗಾದರೆ ಕಲಿಯುವುದು ಯಾವುದರ ಮೇಲೆ? ಸಾಕಿದ ಪ್ರಾಣಿಗಳ ಮೇಲೆ. ನಾಟಿಕೋಳಿ, ಬಾತುಕೋಳಿ, ಸಾಕಿದ ಪಾರಿವಾಳ, ಮೊಲ, ಕೆರೆಯಲ್ಲಿ ಸಾಕಿದ ಕಾಟ್ಲಾ, ರೋಹು, ಮುಂದೆ ಕೈ ಪಳಗಿದ ಮೇಲೆ ಬನ್ನೂರು ಕುರಿ. ಇವು ಎರಡನೇ ದರ್ಜೆಯ ಸಾಮಗ್ರಿ ಎಂಬ ಭಾವನೆ ಹಲವರಲ್ಲಿದೆ. ನನ್ನ ಅನುಭವದಲ್ಲಿ ನಾಟಿಹುಂಜ ಬಹಳ ಕಠಿಣವಾದ ಪಾಠ. ಅದರ ಜುಟ್ಟು ಮತ್ತು ಕತ್ತಿನ ಜೋಲು ಬರೀ ಮಾಂಸ. ಒಣಗಿದಾಗ ಸುಕ್ಕಿ ಕಪ್ಪಾಗುತ್ತವೆ, ಆದ್ದರಿಂದ ಅವುಗಳ ಅಚ್ಚು ತೆಗೆದು ಬೇರೆ ವಸ್ತುವಿನಲ್ಲಿ ಮಾಡಿ ಬಣ್ಣ ಹಾಕಬೇಕಾಗುತ್ತದೆ. ಬನ್ನೂರು ಕುರಿಯ ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ತಿರುವುಮುರುವಾದ ಯು ಅಕ್ಷರದಂತೆ ಕಾಣುವ ತುಂಬಿದ ಹಿಂಭಾಗ, ಇವುಗಳನ್ನು ನಮ್ಮ ರೈತರು ದೂರದಿಂದಲೇ ಗುರುತಿಸುತ್ತಾರೆ. ಮಳವಳ್ಳಿಯ ಕುರಿಗಾಹಿಯೊಬ್ಬ "ಇದು ನಮ್ಮ ಕುರಿಯೇ" ಎಂದು ಒಪ್ಪುವ ಹಾಗೆ ಒಂದನ್ನು ನಿಲ್ಲಿಸಬಲ್ಲವರಿಗೆ ಬೇರೆ ಪರೀಕ್ಷೆ ಬೇಕಾಗಿಲ್ಲ.

ಎರಡನೆಯದಾಗಿ ನೋಡಬೇಕಾದದ್ದು ಕಾಲಾವಧಿ. ಜಾಹೀರಾತುಗಳು ಮರೆಮಾಚುವುದು ಇಲ್ಲಿಯೇ. ಚರ್ಮ ತೊಡಿಸಿ ಹೊಲಿದ ದಿನ ಎಲ್ಲ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ. ತಪ್ಪುಗಳು ಹೊರಬರುವುದು ಒಣಗುವಾಗ. ನೀರು ಆರುತ್ತಾ ಚರ್ಮ ಕುಗ್ಗುತ್ತದೆ. ಕುಗ್ಗುವಾಗ ತುಟಿಯನ್ನು ಹಿಂದಕ್ಕೆ ಎಳೆಯುತ್ತದೆ, ರೆಪ್ಪೆಯನ್ನು ಗಾಜಿನ ಕಣ್ಣಿನಿಂದ ಬಿಡಿಸುತ್ತದೆ, ಕಿವಿಯ ಅಂಚನ್ನು ಸುರುಳಿಸುತ್ತದೆ, ಬಿಗಿಯಾಗಿ ಎಳೆದು ಹಾಕಿದ ಹೊಲಿಗೆಯನ್ನು ಬಾಯಿ ಬಿಡಿಸುತ್ತದೆ. ಹಕ್ಕಿಯಲ್ಲಿ ಗರಿಗಳ ಸಾಲು ಜರುಗಿ ಎದೆಯ ಮೇಲೆ ಬೋಳು ತೇಪೆ ಕಾಣಿಸುತ್ತದೆ. ಮೀನಿನ ರೆಕ್ಕೆ ಸೀಳುತ್ತದೆ, ಬಣ್ಣವೆಲ್ಲ ಹಾರಿಹೋಗಿ ಮತ್ತೆ ಪೂರ್ತಿ ಬಳಿಯಬೇಕಾಗುತ್ತದೆ. ಅನುಭವಸ್ಥರು ಒಣಗುವ ದಿನಗಳಲ್ಲಿ ಬೆಳಿಗ್ಗೆ ಸಂಜೆ ಬಂದು ನೋಡಿ, ಗುಂಡುಸೂಜಿ ಚುಚ್ಚಿ, ರಟ್ಟಿನ ತುಂಡುಗಳಿಂದ ಕಿವಿಯನ್ನು ಹಿಡಿದಿಟ್ಟು, ಒದ್ದೆ ಬ್ರಷ್ಷಿನಿಂದ ರೆಪ್ಪೆಯನ್ನು ಮರಳಿ ಕೂರಿಸುತ್ತಾರೆ. ಸಣ್ಣ ಹಕ್ಕಿಗೆ ಇದಕ್ಕೆ ಒಂದೆರಡು ವಾರ ಹಿಡಿದರೆ ಕುರಿಯಷ್ಟು ದೊಡ್ಡದಕ್ಕೆ ತಿಂಗಳೂ ಮೀರಬಹುದು. ಮಳೆಗಾಲದಲ್ಲಿ ಇನ್ನೂ ನಿಧಾನ. ಎರಡು ದಿನದ ಶಿಬಿರವಾಗಲಿ ಹತ್ತು ದಿನದ ಕೋರ್ಸಾಗಲಿ ಕಲಿಯುವವರನ್ನು ಅವರ ತಪ್ಪು ಕಾಣಿಸಿಕೊಳ್ಳುವ ಮೊದಲೇ ಮನೆಗೆ ಕಳಿಸಿಬಿಡುತ್ತದೆ. ಅಂಥ ಶಿಬಿರ ಆಸಕ್ತಿಯನ್ನು ಪರೀಕ್ಷಿಸಿಕೊಳ್ಳಲು ಸರಿ. ಅದನ್ನು ಕಲಿಕೆ ಎಂದು ನಾನು ಒಪ್ಪುವುದಿಲ್ಲ.

ನಮ್ಮ ಹವೆಯ ಮಾತೂ ಇದಕ್ಕೆ ಸೇರಿದೆ. ಪ್ರಾಣಿ ಸತ್ತ ಕೂಡಲೇ ರೋಮದ ಬುಡದಲ್ಲಿ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ. ತಡವಾದರೆ ಹದಮಾಡುವ ಹೊತ್ತಿಗೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತದೆ. ತಣ್ಣನೆಯ ದೇಶದಲ್ಲಿ ಅರ್ಧ ದಿನ ತಾಳುವ ದೇಹ ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತು ತಾಳುವುದಿಲ್ಲ. ಆಮೇಲೆ ಆಷಾಢ ಶ್ರಾವಣದ ತೇವದಲ್ಲಿ ಬೂಷ್ಟು, ವರ್ಷವಿಡೀ ನುಸಿ ಮತ್ತು ತೊಗಲು ತಿನ್ನುವ ದುಂಬಿಯ ಹುಳಗಳು. ಉಪ್ಪು, ಪಟಿಕ, ಬಿಳಿಗಾರ ಇವುಗಳ ಪ್ರಮಾಣವನ್ನು ನಮ್ಮ ಹವೆಯಲ್ಲಿ ಕೆಲಸ ಮಾಡಿ ತಿಳಿದವರಿಂದ ಕಲಿಯುವುದು ಮೇಲು. ತಂಗಡಿ ತೊಗಟೆಯಿಂದ ತೊಗಲು ಹದಮಾಡಿದ ಪರಂಪರೆ ಇರುವ ಸೀಮೆ ನಮ್ಮದು, ಆ ಜ್ಞಾನ ಇನ್ನೂ ಪೂರ್ತಿ ಅಳಿದಿಲ್ಲ. ಚರ್ಮದ ರಸಾಯನವನ್ನೇ ಆಳವಾಗಿ ಓದಬೇಕೆನ್ನುವವರಿಗೆ ಚೆನ್ನೈನಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ.

ಹೊರದೇಶದ ಶಾಲೆಗಳ ವಿಚಾರದಲ್ಲಿ ನನಗಿರುವ ಹಿಂಜರಿಕೆ ಅವುಗಳ ಗುಣಮಟ್ಟದ ಬಗ್ಗೆ ಅಲ್ಲ. ಅಮೆರಿಕದಲ್ಲಿ ಈ ಕಸುಬು ನಿಂತಿರುವುದು ಕಾನೂನುಬದ್ಧ ಬೇಟೆಯ ಮೇಲೆ. ಅಲ್ಲಿನ ಗಿರಾಕಿ ತಾನು ಹೊಡೆದ ಜಿಂಕೆಯ ತಲೆಯನ್ನು ಭುಜದವರೆಗೆ ಮಾಡಿಸಿ ಗೋಡೆಗೆ ತೂಗುಹಾಕುತ್ತಾನೆ, ಶಾಲೆಗಳೂ ಹೆಚ್ಚಾಗಿ ಅದನ್ನೇ ಕಲಿಸುತ್ತವೆ. ಅಷ್ಟು ಖರ್ಚು ಮಾಡಿ ಕಲಿತು ಬಂದ ನಮ್ಮ ಹುಡುಗಿ ಆ ಕೆಲಸವನ್ನು ಇಲ್ಲಿ ಒಂದು ಚುಕ್ಕೆಜಿಂಕೆಯ ಮೇಲೂ ಮಾಡುವಂತಿಲ್ಲ. ಬ್ರಿಟನ್ನಿನ ಕ್ರಮ ಬೇರೆ. ಅಲ್ಲಿ ಟ್ಯಾಕ್ಸಿಡರ್ಮಿಸ್ಟರ ಸಂಘವೊಂದಿದ್ದು, ಅಭ್ಯರ್ಥಿ ಮಾಡಿ ತಂದ ಮಾದರಿಗಳನ್ನು ಅನುಭವಸ್ಥರು ಪರಿಶೀಲಿಸಿ ಮನ್ನಣೆ ಕೊಡುತ್ತಾರೆ. ಎಲ್ಲಿ ಓದಿದಿರಿ ಎನ್ನುವುದಕ್ಕಿಂತ ಏನು ಮಾಡಿ ತಂದಿರಿ ಎನ್ನುವುದೇ ಅಲ್ಲಿ ಲೆಕ್ಕ. ಜರ್ಮನಿಯ ಬೋಖುಮ್ ನಗರದ ಸರ್ಕಾರಿ ವೃತ್ತಿಶಾಲೆಯಲ್ಲಿ ಸಂಗ್ರಹಾಲಯ ಮತ್ತು ಪ್ರಯೋಗಾಲಯಗಳಿಗೆ ಮಾದರಿ ತಯಾರಿಸುವವರಿಗೆಂದೇ ಮೂರು ವರ್ಷದ ಶಿಕ್ಷಣವಿದೆ; ಜೀವಶಾಸ್ತ್ರ, ಭೂವಿಜ್ಞಾನ, ವೈದ್ಯಕೀಯ ಎಂದು ಕವಲುಗಳೂ ಇವೆ. ಜರ್ಮನ್ ಕಲಿಯಲು ಸಿದ್ಧರಿರುವವರಿಗೆ ನಾನು ಮನಸಾರೆ ಸೂಚಿಸುವುದು ಅದನ್ನೇ, ಏಕೆಂದರೆ ಅಲ್ಲಿಯ ಗುರಿ ಗೋಡೆಯ ಅಲಂಕಾರವಲ್ಲ, ಸಂಗ್ರಹಾಲಯದ ಕೆಲಸ.

ಶಾಲೆ ಎಂಬ ಹೆಸರಿಲ್ಲದೆಯೂ ಈ ವಿದ್ಯೆ ದಾಟಿಬಂದಿದೆ. 1826ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಚಾರ್ಲ್ಸ್ ಡಾರ್ವಿನ್‌ಗೆ ಹಕ್ಕಿಯ ಚರ್ಮ ಬಿಡಿಸುವುದನ್ನು ಕಲಿಸಿದವನು ಜಾನ್ ಎಡ್ಮನ್‌ಸ್ಟೋನ್. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಗುಲಾಮನಾಗಿದ್ದು ಬಿಡುಗಡೆಗೊಂಡವನು. ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳ ಪಾಠಕ್ಕೆ ಡಾರ್ವಿನ್ ಕೊಟ್ಟದ್ದು ಬ್ರಿಟನ್ನಿನ ಆಗಿನ ಲೆಕ್ಕದಲ್ಲಿ ಒಂದು ಗಿನಿ ಹಣ. ಬೀಗಲ್ ಹಡಗಿನ ಪ್ರಯಾಣದಲ್ಲಿ ಅವನು ಸಂಗ್ರಹಿಸಿದ ಹಕ್ಕಿಗಳು ಕೆಡದೆ ಊರು ಸೇರುವುದಕ್ಕೆ ಆ ಪಾಠ ನೆರವಾಯಿತು. ನಮ್ಮ ಸಲೀಂ ಅಲಿಯವರ ಕಥೆಯೂ ಅಂಥದ್ದೇ: ಬಾಲ್ಯದಲ್ಲಿ ಹೊಡೆದ ಹಳದಿ ಕತ್ತಿನ ಗುಬ್ಬಚ್ಚಿಯೊಂದನ್ನು ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ ಅಲ್ಲಿನ ಮಿಲ್ಲರ್ಡ್ ಅವರು ಸಂಗ್ರಹದ ಕಪಾಟುಗಳನ್ನು ತೆರೆದು ತೋರಿಸಿದ್ದಲ್ಲದೆ ಚರ್ಮ ಕಾಪಾಡುವುದನ್ನು ಕಲಿಯುವುದಕ್ಕೂ ದಾರಿ ಮಾಡಿಕೊಟ್ಟರು.

ಮೈಸೂರಿನವರಿಗಂತೂ ವ್ಯಾನ್ ಇಂಗೆನ್ ಟ್ಯಾಕ್ಸಿಡರ್ಮಿ ಕಾರ್ಖಾನೆಯ ಹೆಸರು ಗೊತ್ತೇ ಇದೆ. 20ನೇ ಶತಮಾನದ ಆರಂಭದಿಂದ 1999ರವರೆಗೆ ಈ ಊರಿನಲ್ಲಿ ನಡೆದ ಆ ಕಾರ್ಖಾನೆಯಲ್ಲಿ ಉಚ್ಛ್ರಾಯದ ದಿನಗಳಲ್ಲಿ 150ರಷ್ಟು ಜನ ದುಡಿಯುತ್ತಿದ್ದರು. ಅಲ್ಲಿಂದ ಹೊರಬಿದ್ದ ಹುಲಿ ಚಿರತೆಗಳ ಸಂಖ್ಯೆ 40,000ಕ್ಕೂ ಮೇಲೆಂದು ಅಂದಾಜಿದೆ. ಅಚ್ಚಿನಲ್ಲಿ ಕಾಗದದ ಮುದ್ದೆ ಒತ್ತಿ ಮಾಡಿದ ಹಗುರ ದೇಹಗಳು ಅವರ ವೈಶಿಷ್ಟ್ಯ. ಒಡೆತನದ ಸೋದರರಲ್ಲಿ ಕೊನೆಯವರಾದ ಜೂಬರ್ಟ್ ವ್ಯಾನ್ ಇಂಗೆನ್ 2013ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೊಂದು ಹುಲಿಗಳ ಲೆಕ್ಕ ಓದುವಾಗ ನನಗೆ ಸಂಕಟವಾಗುತ್ತದೆ. ಆ ಕೈಚಳಕ ಕಲಿತ ನೂರಾರು ಕೈಗಳಿಂದ ಅದು ಮುಂದಿನ ತಲೆಮಾರಿಗೆ ಹರಿಯದೆ ನಿಂತಿತಲ್ಲ ಎಂದೂ ಅಷ್ಟೇ ಸಂಕಟವಾಗುತ್ತದೆ. ಬೇಟೆ ನಿಂತದ್ದು ಒಳ್ಳೆಯದಾಯಿತು. ಬೇಟೆಯ ಜೊತೆಗೇ ವಿದ್ಯೆಯೂ ನಿಲ್ಲಬೇಕಾಗಿರಲಿಲ್ಲ.

ಅದು ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಮುಂಬೈಯಲ್ಲಿ ಸಾಕ್ಷಿಯಿದೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ 2009ರಲ್ಲಿ ಟ್ಯಾಕ್ಸಿಡರ್ಮಿ ಕೇಂದ್ರವೊಂದು ಆರಂಭವಾಯಿತು. ಅದನ್ನು ಕಟ್ಟಿದ ಡಾ. ಸಂತೋಷ್ ಗಾಯಕ್ವಾಡ್ ಅವರು ಮುಂಬೈ ಪಶುವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರದ ಅಧ್ಯಾಪಕರು. ಮೃಗಾಲಯಗಳಲ್ಲಿ ಸಹಜವಾಗಿ ಸತ್ತ ಪ್ರಾಣಿಗಳನ್ನು ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಸಂಗ್ರಹಾಲಯ ಮತ್ತು ಶಿಕ್ಷಣಕ್ಕಾಗಿ ಉಳಿಸಿಕೊಡುತ್ತಾರೆ. ಅವರು ಪಶುವೈದ್ಯರಾಗಿದ್ದು ಈ ಕಸುಬಿಗೆ ಬಂದರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಮ್ಮಲ್ಲಿ ದಾರಿ ಹೀಗೇ ಹಾದುಹೋಗುತ್ತದೆ: ಮೊದಲು ಪಶುವೈದ್ಯಕೀಯವನ್ನೋ ಪ್ರಾಣಿಶಾಸ್ತ್ರವನ್ನೋ ಓದಿ, ಆ ಮೂಲಕ ಅನುಮತಿಯಿರುವ ಕೇಂದ್ರದ ಬಾಗಿಲು ತಟ್ಟುವುದು. ಪ್ರಾಣಿಶಾಸ್ತ್ರದವರಿಗೆ ಒಂದು ಕೊರತೆ ಇದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2014ರಲ್ಲಿ ಪ್ರಾಣಿಗಳ ಛೇದನವನ್ನು ಪದವಿ ತರಗತಿಗಳಿಂದ ತೆಗೆದುಹಾಕಿದ ಮೇಲೆ ನಮ್ಮ ಮಕ್ಕಳ ಕೈಗೆ ಕತ್ತರಿಯ ಅಭ್ಯಾಸವೇ ಇಲ್ಲ. ಛೇದನ ಬಿಟ್ಟದ್ದು ಸರಿಯೇ, ಆದರೆ ಆ ಕೈಯ ಅಭ್ಯಾಸವನ್ನು ಅವರು ಬೇರೆಡೆ ಗಳಿಸಿಕೊಳ್ಳಬೇಕು. ಮಾಂಸದಂಗಡಿಯವರ ಬಳಿ ನಿಂತು ಚರ್ಮ ಸುಲಿಯುವುದನ್ನು ನೋಡಿ ಕಲಿಯುವುದರಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ.

ಶಿಲ್ಪದ ಪಾಠಕ್ಕೆ ಮೈಸೂರಿನವರು ದೂರ ಹೋಗಬೇಕಾಗಿಯೇ ಇಲ್ಲ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇಲ್ಲೇ ಇದೆ. ಜೇಡಿಮಣ್ಣು, ಪ್ಲಾಸ್ಟರ್ ಅಚ್ಚು, ಫೈಬರ್ ಎರಕ ಇವುಗಳನ್ನು ಬಲ್ಲ ಶಿಲ್ಪಿಯ ಬಳಿ ಆರು ತಿಂಗಳು ಕೆಲಸ ಮಾಡಿದವರು ಅಚ್ಚುದೇಹ ತಯಾರಿಕೆಯಲ್ಲಿ ಅರ್ಧ ದಾರಿ ದಾಟಿರುತ್ತಾರೆ. ಕಣ್ಣಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಊರು ನನಗೆ ತಿಳಿದಿಲ್ಲ: ಕಾರಂಜಿ ಕೆರೆಯ ದಡದಲ್ಲಿ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯ, ಪಕ್ಕದಲ್ಲೇ 1892ರಿಂದ ಇರುವ ಮೃಗಾಲಯ. ಬೆಳಿಗ್ಗೆ ಸಂಗ್ರಹಾಲಯದಲ್ಲಿ ಒಂದು ಮಾದರಿಯ ಮುಂದೆ ನಿಂತು ಅದರ ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ಕಾಲು ನೆಲಕ್ಕೆ ಊರಿದ ಬಗೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಿ; ಮಧ್ಯಾಹ್ನ ಮೃಗಾಲಯದಲ್ಲಿ ಜೀವಂತ ಪ್ರಾಣಿಯ ಮುಂದೆ ಕುಳಿತು ಅವೇ ಮೂರನ್ನು ಮತ್ತೆ ಬರೆಯಿರಿ. ಹತ್ತು ಭಾನುವಾರ ಹೀಗೆ ಮಾಡಿದವರು ಯಾವುದೇ ಶಾಲೆಯ ಪ್ರದರ್ಶನ ಕೋಣೆಗೆ ಕಾಲಿಟ್ಟ ಐದು ನಿಮಿಷದಲ್ಲಿ ಅಲ್ಲಿನ ಶಿಕ್ಷಕರ ಕೈಯನ್ನು ಅಳೆಯಬಲ್ಲರು. ಅಲ್ಲಿ ಹೊಸ ಮಾದರಿಯನ್ನಲ್ಲ, ಐದಾರು ವರ್ಷ ಹಳೆಯದನ್ನು ತೋರಿಸಲು ಕೇಳಿ. ಹೊಲಿಗೆ ಬಿಟ್ಟಿದೆಯೇ, ಬೆರಳಿನ ಸಂದಿಯಲ್ಲಿ ಪುಡಿ ಉದುರಿದೆಯೇ, ವಾಸನೆ ಇದೆಯೇ ಎಂದು ಬಗ್ಗಿ ನೋಡಿ.

ಆರೋಗ್ಯದ ಮಾತನ್ನು ಕೊನೆಗೆ ತಂದಿದ್ದೇನೆ, ಅದು ಕಡಿಮೆ ಮುಖ್ಯವೆಂದಲ್ಲ. 18ನೇ ಶತಮಾನದಲ್ಲಿ ಫ್ರಾನ್ಸಿನ ಬೆಕೂರ್ ಎಂಬವನು ಪಾಷಾಣ (ಆರ್ಸೆನಿಕ್) ಬೆರೆಸಿದ ಸಾಬೂನನ್ನು ಕಂಡುಹಿಡಿದ ಮೇಲೆ ಹುಳದ ಕಾಟ ತಪ್ಪಿತು, ಆದರೆ ಎಷ್ಟೋ ಹಳೆಯ ಮಾದರಿಗಳು ಇಂದಿಗೂ ವಿಷದ ಗೊಂಬೆಗಳಾಗಿ ಉಳಿದಿವೆ. ಅವನ್ನು ಬರಿಗೈಯಿಂದ ದುರಸ್ತಿ ಮಾಡಿಸುವ ಶಿಕ್ಷಕರ ಬಳಿ ನಿಲ್ಲಬೇಡಿ. ಅದಕ್ಕಿಂತ ಹತ್ತಿರದ ಅಪಾಯ ರೋಗದ್ದು. 2017ರ ಜನವರಿಯಲ್ಲಿ ಹಕ್ಕಿಜ್ವರದಿಂದಾಗಿ ನಮ್ಮ ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಿದ್ದರು. ಮಲೆನಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣಿಗಳಿಂದ ಹರಡುತ್ತದೆ. ಸತ್ತ ಮಂಗನ ಮೈಮೇಲಿನ ಉಣ್ಣಿ ಹತ್ತಿರ ಬಂದವರ ಮೈಗೆ ಹತ್ತಬಹುದು. ದನಕುರಿಗಳಲ್ಲಿ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನವಿದ್ದರೆ ದೇಹವನ್ನು ಕೊಯ್ಯಲೇಬಾರದು. ಆದ್ದರಿಂದ ಪ್ರಾಣಿ ಹೇಗೆ ಸತ್ತಿತು ಎಂಬ ದಾಖಲೆ ಕಾನೂನಿಗೆ ಎಷ್ಟು ಬೇಕೋ ಕಲಿಯುವವರ ಜೀವಕ್ಕೂ ಅಷ್ಟೇ ಬೇಕು. ಕೈಗವಸು, ಮುಖಗವಸು, ಗಾಳಿಯಾಡುವ ಕೋಣೆ, ಧನುರ್ವಾಯು ಮತ್ತು ರೇಬಿಸ್ ಲಸಿಕೆಯ ವಿಚಾರಣೆ, ಉಳಿದ ಮಾಂಸವನ್ನು ಏನು ಮಾಡುತ್ತಾರೆಂಬ ಉತ್ತರ, ಇಷ್ಟೂ ಇಲ್ಲದ ಕಡೆ ಶುಲ್ಕ ಎಷ್ಟೇ ಕಡಿಮೆಯಿದ್ದರೂ ಬೇಡ.

ಆನ್‌ಲೈನ್ ಪಾಠಗಳನ್ನು ನಾನು ಹೀಗಳೆಯುವುದಿಲ್ಲ. ಒಮ್ಮೆ ಕೈಯಾರೆ ಕಲಿತವರಿಗೆ ಅವು ಒಳ್ಳೆಯ ನೆನಪಿನ ಪುಸ್ತಕ. ಆದರೆ ಚಾಕುವಿನ ಓಟ ಚರ್ಮದ ಕಡೆಗೆ ವಾಲುತ್ತಿದೆಯೋ ಮಾಂಸದ ಕಡೆಗೋ ಎಂಬುದನ್ನು ಪರದೆಯ ಆಚೆಗಿರುವವರು ತಿದ್ದಲಾರರು.

ಹೊಟ್ಟೆಪಾಡಿನ ಬಗ್ಗೆ ಆ ತಂದೆ ಕೇಳಿದ್ದಕ್ಕೂ ಉತ್ತರ ಕೊಡಬೇಕು. ಸಂಗ್ರಹಾಲಯ ಮತ್ತು ಪ್ರಾಣಿ ಸಮೀಕ್ಷಾ ಸಂಸ್ಥೆಗಳಲ್ಲಿ ಟ್ಯಾಕ್ಸಿಡರ್ಮಿಸ್ಟ್ ಎಂಬ ಹೆಸರಿನ ಹುದ್ದೆಗಳಿವೆ, ಆದರೆ ಕೈಬೆರಳೆಣಿಕೆಯವು. ಕಾಲೇಜುಗಳ ಹಳೆಯ ಮಾದರಿಗಳ ದುರಸ್ತಿ, ಶಾಲೆಗಳಿಗೆ ಅಸ್ಥಿಪಂಜರ ಮತ್ತು ಫೈಬರ್ ಮಾದರಿಗಳ ತಯಾರಿಕೆ, ಸಾಕುಪ್ರಾಣಿಗಳನ್ನು ಉಳಿಸಿಕೊಡುವುದು, ಇವೆಲ್ಲ ಸೇರಿದರೆ ಒಂದು ಜೀವನವಾಗಬಹುದು. ಸಾಕುನಾಯಿಯ ಕೆಲಸವನ್ನು ಮಾತ್ರ ಬೇಗ ಒಪ್ಪಿಕೊಳ್ಳಬಾರದು; ಹುಲಿಯ ಮುಖದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೆ ಯಾರಿಗೂ ಗೊತ್ತಾಗದು, ಹನ್ನೆರಡು ವರ್ಷ ಜೊತೆಯಲ್ಲಿದ್ದ ನಾಯಿಯ ಮುಖ ಮನೆಯವರಿಗೆಲ್ಲ ಗೊತ್ತು. ಆ ಹುಡುಗಿ ಎರಡು ದಿನದ ಶಿಬಿರವನ್ನು ಬಿಟ್ಟು, ಪಶುವೈದ್ಯ ಅಂಗರಚನಾ ವಿಭಾಗವೊಂದಕ್ಕೆ ಪತ್ರ ಬರೆದಿದ್ದಾಳೆ. ಉತ್ತರ ಬರುವವರೆಗೆ ಅವರ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಮೂರನೇ ಹುಂಜ ಒಣಗುತ್ತಿದೆ. ಮೊದಲೆರಡರ ರೆಪ್ಪೆ ಬಿಟ್ಟುಕೊಂಡಿತ್ತು, ಇದರದು ಹತ್ತನೆಯ ದಿನಕ್ಕೂ ಗಟ್ಟಿಯಾಗಿ ಕೂತಿದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು.